ಚಿತ್ರದ ಕೆಳಗಿನ ಮಾತು

ಟೀಚರ್ ಬಂದುಹೋದರೆ ನನ್ನ ಕಂಪ್ಯೂಟರಿನ ಪರದೆಯ ಮೇಲೆ ಒಂದು ನೀಲಿ ಬೆರಳಚ್ಚು ಉಳಿಯುತ್ತಿತ್ತು. ಅವರ ತೋರುಬೆರಳಿನ ಉಗುರಿನ ಸಂದಿಯಲ್ಲಿ ಯಾವಾಗಲೂ ಬಣ್ಣ. ಏನೇ ಹೇಳಬೇಕಾದರೂ ಪರದೆಗೆ ಬೆರಳು ಒತ್ತಿಯೇ ಹೇಳಬೇಕು. "ಮುಟ್ಟಬ್ಯಾಡ್ರೀ ಟೀಚರ್" ಎಂದರೆ, "ಒರೆಸ್ಕೋಬೇ, ಸವೆಯಂಗಿಲ್ಲ" ಎನ್ನುತ್ತಿದ್ದರು. ಒರೆಸುತ್ತಿದ್ದವಳು ನಾನು.

ಅವರು ಜೇವರ್ಗಿಯವರು. ಅಫಜಲಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದರು. ನಾನು ಅಲ್ಲಿಯೇ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುತ್ತೇನೆ. ಹೆಚ್ಚಿನವು ತೀರಿಕೊಂಡವರ ಶ್ರದ್ಧಾಂಜಲಿ ಫ್ಲೆಕ್ಸುಗಳು. ಗಂಡಸರು ತೀರಿಕೊಂಡರೆ ಫೋಟೊಗೆ ಬರವಿಲ್ಲ. ಹೆಂಗಸರು ತೀರಿಕೊಂಡರೆ ಒಂಟಿ ಫೋಟೊ ಸಿಗುವುದೇ ಅಪರೂಪ. ಯಾವುದೋ ಮದುವೆಯ ಗುಂಪಿನಿಂದ ಕತ್ತರಿಸಿ ತೆಗೆಯಬೇಕು. ಆಗ ಹೆಗಲ ಮೇಲೆ ಯಾರದೋ ಕೈ ಉಳಿದುಬಿಡುತ್ತದೆ. ಆ ಕೈ ಅಳಿಸಿ, ಅಲ್ಲಿಗೆ ಸೀರೆಯ ಅಂಚು ಎಳೆದು, ಹಿಂದೆ ಮೋಡ ಇಟ್ಟು, ಕೆಳಗೆ 'ಮಮತಾಮಯಿ' ಎಂದು ಬರೆದರೆ ಕೆಲಸ ಮುಗಿಯಿತು. ಶಾಲೆ ಬಿಟ್ಟ ಮೇಲೆ ಅಂಗಡಿಗೆ ಬಂದು ಕೂರುತ್ತಿದ್ದ ಟೀಚರರ ತಕರಾರು ಶುರುವಾಗುತ್ತಿದ್ದುದು ಅಲ್ಲಿಂದಲೇ.

ಅವರ ಕಲೆಯೆಂದರೆ ಒಬ್ಬ ಹೆಂಗಸಿನ ಚಿತ್ರ, ಅದರ ಕೆಳಗೆ ಅದೇ ಹೆಂಗಸು ಆಡಿದ ಒಂದು ಮಾತು. ಅಷ್ಟೇ. ಕಲಬುರಗಿಯಲ್ಲಿ ಪ್ರದರ್ಶನವಿಟ್ಟಾಗ ನಾನೂ ಹೋಗಿದ್ದೆ. ಹಿರಿಯರೊಬ್ಬರು "ಇದು ಚಿತ್ರ ಏನ್ರಿ, ಪೋಸ್ಟರ್ ಏನ್ರಿ?" ಎಂದರು.

"ನೋಡಿದ್ರಿಲ್ಲ?" ಟೀಚರ್ ಕೇಳಿದರು.

"ನೋಡಿದೆ."

"ಓದಿದ್ರಿಲ್ಲ?"

"ಓದಿದೆ."

"ಮತ್ತೇನ್ ಬೇಕ್ರಿ ನಿಮಗ?"

ಆ ಹಿರಿಯರು ಚಹಾ ಕುಡಿಯದೆ ಹೋದರು. ಹೀಗೆ ಎಷ್ಟೋ ಜನರನ್ನು ಟೀಚರ್ ಓಡಿಸಿದ್ದರು.

ಒಂದು ದಿನ ಚೌಡಾಪುರದ ಅಣ್ಣತಮ್ಮಂದಿರಿಬ್ಬರು ತಾಯಿಯ ಫೋಟೊ ಹಿಡಿದು ಅಂಗಡಿಗೆ ಬಂದರು. ಊರಿನ ಬಸ್ ಸ್ಟಾಪಿನ ಎದುರು ಕಟ್ಟುವ ಶ್ರದ್ಧಾಂಜಲಿ ಫ್ಲೆಕ್ಸ್ ಆಗಬೇಕಿತ್ತು. ನಾನು ಕತ್ತರಿಸಿದೆ. ಹೆಗಲ ಮೇಲೆ ಗಂಡನ ಕೈ ಉಳಿಯಿತು. ಅಳಿಸಲು ಹೋದಾಗ ಹಿಂದಿನಿಂದ ನೀಲಿ ಬೆರಳು ಬಂತು.

"ಅಳಿಸಬ್ಯಾಡ. ಆಕಿ ಇರೋತನಕ ಆ ಕೈ ಅಲ್ಲೇ ಇತ್ತು." ಆಮೇಲೆ ಅಣ್ಣನ ಕಡೆ ತಿರುಗಿ, "ನಿಮ್ಮವ್ವ ಏನಂತಿದ್ಳಪಾ?" ಎಂದರು.

"ಏನೂ ಅಂತಿರಲಿಲ್ರಿ. ಭಾಳ ಒಳ್ಳೆಯಾಕಿ."

"ಹುಟ್ಟಿದಾಗಿಂದ ಮೂಕಿಯಾಗಿದ್ಳೇನು? ಒಂದು ಮಾತು ನೆನಪು ಮಾಡ್ಕೊ."

ನನಗೆ ಮೈಯೆಲ್ಲ ಉರಿಯಿತು. ಸತ್ತ ಮನೆಯವರನ್ನು ಹೀಗೆ ಕೇಳುವುದುಂಟೇ? ಆದರೆ ಆ ಮನುಷ್ಯ ಸಿಟ್ಟಾಗಲಿಲ್ಲ. ತಮ್ಮನ ಮುಖ ನೋಡಿದ. ತಮ್ಮ ನೆಲ ನೋಡಿದ. ನಲವತ್ತು ದಾಟಿದ ಆ ಅಣ್ಣ, ತಾಯಿಯ ಒಂದು ಮಾತೂ ನೆನಪಾಗದೆ, ನನ್ನ ಮೇಜಿನ ಅಂಚು ಹಿಡಿದು ಅತ್ತ. ನಾನು ಕಣ್ಣಾರೆ ಕಂಡದ್ದು ಇದು.

ತಮ್ಮನು ಕಿಣ್ಣಿ ಸುಲ್ತಾನ ಎಂಬ ಊರಿನಲ್ಲಿದ್ದ ಅಕ್ಕನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ. ಆಕೆ ತಡಮಾಡಲಿಲ್ಲ.

"ದಿನಾ ಅಂತಿದ್ಳಲ್ಲೋ! ರೊಟ್ಟಿ ಬಡದು, ಚಾ ಹಿಡ್ಕೊಂಡು ಮನಿ ಮುಂದಿನ ಕಟ್ಟೀಗೆ ಬಂದು, 'ಸರಕೊಳ್ರಿ, ನಾನೂ ಕೂಡ್ತೇನಿ' ಅಂತಿದ್ಳು. ನೀವ್ಯಾರೂ ಸರೀತಿರಲಿಲ್ಲ. ನಿಂತೇ ಕುಡೀತಿದ್ಳು."

"ಇದೇ ಇರಲಿ" ಎಂದರು ಟೀಚರ್.

"ಜನ ನಗತಾರ್ರಿ" ಎಂದ ಅಣ್ಣ.

"ನಗಲಿ. ನಿಮ್ಮವ್ವ ಅಂದಿದ್ದು ಖರೇನೋ ಸುಳ್ಳೋ, ಅಷ್ಟು ಹೇಳು."

ಅವನು "ಖರೇರಿ" ಎಂದು ಹೊರಗೆ ಹೋಗಿ ಬೈಕಿನ ಹತ್ತಿರ ನಿಂತ. ಆಯಿತು, ಪ್ರಿಂಟ್ ಕೊಡೋಣವೆಂದರೆ ಈಗ ಟೀಚರೇ ಬಿಡಲೊಲ್ಲರು. ಮಗಳು ಕಣ್ಣಿಂದ ನೋಡಿ ಹೂಂ ಅನ್ನುವ ತನಕ ಬೇಡವಂತೆ! ಮರುದಿನ ಆಕೆ ಬಸ್ಸು ಬದಲಿಸಿ ಬಂದಳು. ಅಷ್ಟರಲ್ಲಿ ಮೋಡ ತೆಗೆ, ದೀಪ ತೆಗೆ, ಅಕ್ಷರ ದಪ್ಪ ಮಾಡು ಎಂದು ನನ್ನ ಜೀವ ತಿಂದಿದ್ದರು. ಮಗಳು ಪರದೆಯನ್ನು ನೋಡಿದಳು. ಆ ಕೈಯನ್ನೂ ನೋಡಿದಳು. "ಹಾಕ್ರಿ" ಎಂದಳು.

ಫ್ಲೆಕ್ಸ್ ಚೌಡಾಪುರದಲ್ಲಿ ಏರಿತು. ಬಸ್ಸಿಗೆ ನಿಂತ ಹೆಂಗಸರು ಒಬ್ಬರಿಗೊಬ್ಬರು ಓದಿ ಹೇಳುತ್ತಿದ್ದುದನ್ನು ನಾನೇ ಕೇಳಿದೆ. ಅವರಲ್ಲೊಬ್ಬ ಮುದುಕಿ ಬೆಂಚಿನ ಮೇಲೆ ಕಾಲು ಚಾಚಿ ಕುಳಿತಿದ್ದವನಿಗೆ, "ಕೇಳಿತೇನಲೇ? ನಿನಗೇ ಹೇಳಾಕತ್ತಾಳ" ಎಂದಳು. ಅವನು ಕಾಲು ಮಡಚಿದ. ಉಳಿದವರು ಅಲುಗಲಿಲ್ಲ.

ಎರಡು ದಿನ ಕಳೆಯುವಷ್ಟರಲ್ಲಿ ಚಿತ್ರ ಇತ್ತು, ಕೆಳಗಿನ ಮಾತು ಇರಲಿಲ್ಲ. ಯಾರೋ ಬ್ಲೇಡಿನಿಂದ ನೆಟ್ಟಗೆ ಕೊಯ್ದಿದ್ದರು. ಟೀಚರ್ ಮತ್ತೊಂದು ಪ್ರಿಂಟಿಗೆ ನನ್ನ ಪ್ರಾಣ ಹಿಂಡುತ್ತಿದ್ದಾಗ ಆ ಅಣ್ಣನೇ ಬಂದ. ಕಂಕುಳಲ್ಲಿ ಸುರುಳಿ ಸುತ್ತಿದ ಪಟ್ಟಿ.

"ನಾನೇ ಕೊಯ್ದೇನ್ರಿ. ಒಗೆಯಾಕ ಕೈ ಬರವಲ್ದು. ಮನ್ಯಾಗ ಇಟ್ರ ಹೆಂಡ್ತಿ ದಿನಾ ಓದ್ತಾಳ. ನೀವೇ ಇಟ್ಕೊಳ್ರಿ."

ಟೀಚರ್ ಕೈ ಚಾಚಲಿಲ್ಲ. "ಹಂಗಾದ್ರ ಮನ್ಯಾಗೇ ಇಡು" ಎಂದರು.

ಅವನು ಮತ್ತೆ ಅದನ್ನು ಕಂಕುಳಲ್ಲಿಟ್ಟುಕೊಂಡು ಹೋದ. ಎಲ್ಲಿ ಇಟ್ಟನೋ ನಾನು ನೋಡಿಲ್ಲ.

ಹೋದ ವರ್ಷ ಟೀಚರ್ ಜೇವರ್ಗಿಯ ತಮ್ಮ ಸ್ವಂತ ಮನೆಯಲ್ಲೇ ತೀರಿಕೊಂಡರು. ಕೊನೆಯ ತಿಂಗಳುಗಳಲ್ಲೂ ಫೋನ್ ಮಾಡಿ ಬೈಯುತ್ತಿದ್ದರು. ಅವರು ಹೋದ ಮೇಲಾದರೂ ಆರಾಮಾಗುತ್ತದೆಂದುಕೊಂಡಿದ್ದೆ. ಇಲ್ಲ. ಈಗ ಯಾರಾದರೂ ತಾಯಿಯ ಫೋಟೊ ತಂದರೆ, "ಏನಂತಿದ್ರು?" ಎಂಬುದು ನನ್ನ ಬಾಯಿಂದಲೇ ಬಂದುಬಿಡುತ್ತದೆ. ಗಿರಾಕಿಗಳು ರೇಗುತ್ತಾರೆ, ಮಾಲೀಕರು ಬೈಯುತ್ತಾರೆ, ಚಣದಲ್ಲಿ ಮುಗಿಯಬೇಕಾದ ಕೆಲಸಕ್ಕೆ ಬೆಳಗು ಪೂರಾ ಹೋಗುತ್ತದೆ. ಈ ಚಟ ಹಚ್ಚಿ ಹೋದವರು ಅವರು.

ಮೊನ್ನೆ ಆಳಂದ ಕಡೆಯವನೊಬ್ಬ ನನ್ನ ಪ್ರಶ್ನೆ ಕೇಳಿ, "ತಡೀರಿ, ಮನ್ಯಾಗ ಕೇಳ್ಕೊಂಡು ಬರ್ತೇನಿ" ಎಂದು ಎದ್ದುಹೋದ. ಇನ್ನೂ ಬಂದಿಲ್ಲ. ಅವನ ತಾಯಿ ನನ್ನ ಪರದೆಯ ಮೇಲಿದ್ದಾರೆ. ಕೆಳಗಿನ ಜಾಗ ಖಾಲಿ ಬಿಟ್ಟಿದ್ದೇನೆ.