ಕೇಳಿ ತಂದೀರೇನು?

ನಮ್ಮ ಇತಿಹಾಸದ ಸರ್ ಯಾರ ಪ್ರಬಂಧ ನೋಡಿದರೂ ಒಂದು ಸಾಲನ್ನು ಪೆನ್ಸಿಲಿನಿಂದ ಕುಟ್ಟಿ, "ಇದು ಯಾರ್ದು? ಕೇಳಿ ತಂದೀರೇನು?" ಎನ್ನುತ್ತಿದ್ದರು. ಪುಸ್ತಕದಿಂದ ತಂದದ್ದಕ್ಕೆ ಬರೆದವರ ಹೆಸರಿರಬೇಕು. ಅಚ್ಚಾಗದ ಬರಹವಾದರೆ ಅವರ ಒಪ್ಪಿಗೆಯೂ ಬೇಕು. ಕಳ್ಳರನ್ನು ವಿಚಾರಿಸಿದಂತೆ ವಿಚಾರಿಸುತ್ತಾರಲ್ಲ ಎಂದು ನಮಗೆ ಸಿಟ್ಟು. ಧಾರವಾಡದ ಕಾಲೇಜಿನಲ್ಲಿ ಹುಡುಗಿಯರು ಬೆರಳೆಣಿಕೆಯಷ್ಟಿದ್ದ ಮೂವತ್ತರ ದಶಕವದು.

ಒಂದು ಸಂಜೆ ಅವರು ನಮ್ಮ ಮನೆಗೇ ಬಂದರು. ದೂರು ತಂದಿದ್ದಾರೆಂದುಕೊಂಡು, ಅರಳೆ ವ್ಯಾಪಾರಿಯಾದ ನನ್ನಪ್ಪನ ಮುಖ ಇಳಿಯಿತು.

"ಹೆಬ್ಬಳ್ಳಿ ವೀರಗಲ್ಲಿನ ಮ್ಯಾಲೆ ಸವೆದುಹೋದ ಸಾಲು ನಿಮ್ಮ ಮಗಳು ಓದಿ ತನ್ನ ಪ್ರಬಂಧದಾಗ ಬರದಾಳ. ಅದು ನನ್ನ ಪುಸ್ತಕಕ್ಕ ಬೇಕಾಗೇತಿ. ಕೇಳಾಕ ಬಂದೇನಿ," ಎಂದರು ಸರ್.

"ಅದಕ್ಕೇನ್ರಿ, ತೊಗೊಳ್ರಿ," ಎಂದರು ಅಪ್ಪ.

"ಅದು ನಿಮ್ಮದಲ್ರಿ, ಆಕಿದು. ಆಕೀನ ಹೇಳಬೇಕು."

ಅಪ್ಪ ಬಾಗಿಲಲ್ಲಿ ನಿಂತಿದ್ದ ನನ್ನತ್ತ ತಿರುಗಿದರು. "ಏನಂತೀಯವಾ?" ಆ ಮನೆಯಲ್ಲಿ ನನ್ನನ್ನು ಯಾರೂ ಹಾಗೆ ಕೇಳಿದ್ದಿಲ್ಲ.

"ನನ್ನ ಹೆಸರು ಹಾಕೋದಾದ್ರ ತೊಗೊಳ್ರಿ, ಸರ್," ಎಂದೆ.

ಅಪ್ಪ ಗಾಬರಿಯಿಂದ ಅವರ ಮುಖ ನೋಡಿದರು. ಸರ್ ತಲೆಯ ರುಮಾಲು ನೆಟ್ಟಗೆ ಮಾಡಿಕೊಂಡು, "ಸಾವ್ಕಾರ್ರ, ಇಕಿಗೆ ಕಲಿಸಿದಾಂವ ನಾ ನೋಡ್ರಿ," ಎಂದರು.