ಹನ್ನೆರಡು ಪುಟದ ದರ್ಜಿ

ಪ್ರೆಸ್ಸಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಪೆನ್ಸಿಲಕ್ಕ ಎಂದೇ. ಪತ್ತೇದಾರಿ ಕಾದಂಬರಿಗಳ ಕರಡು ತಿದ್ದುವುದರಲ್ಲೇ ಇಪ್ಪತ್ತಾರು ವರ್ಷ ಸವೆಸಿದ ಹೆಂಗಸು. ಕಾಗುಣಿತ ತಿದ್ದಿ ಕೈತೊಳೆದುಕೊಳ್ಳುವವಳಲ್ಲ. ಕರಡಿನ ಕೊನೆಯ ಹಾಳೆಯ ಹಿಂದೆ ಗೆರೆ ಎಳೆದು, ಯಾವ ಪಾತ್ರ ಯಾವ ದಿನ ಎಲ್ಲಿತ್ತು, ಏನು ಮಾಡುತ್ತಿತ್ತು ಎಂದು ಪಟ್ಟಿ ಮಾಡುತ್ತಿದ್ದಳು. ತಾಳೆಯಾಗದ ಕಡೆ ಪೆನ್ಸಿಲಿನಿಂದ ಒಂದು ಸುತ್ತು. ಆ ಸುತ್ತಿಗೆ ಹೆಸರುವಾಸಿ ಲೇಖಕರೂ ಹೆದರುತ್ತಿದ್ದರು. ಸತ್ತವನು ಮುಂದಿನ ಅಧ್ಯಾಯದಲ್ಲಿ ಕನ್ನಡಕ ಹುಡುಕುವುದನ್ನು ಅವಳು ಅದೆಷ್ಟು ಸಲ ಹಿಡಿದಿದ್ದಳೋ!

ಅವಳ ಅಣ್ಣ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತು ಎರಡು ವರ್ಷವಾಗಿತ್ತು. ಮುಟ್ಟಿದ್ದನ್ನೆಲ್ಲ ಅರ್ಧಕ್ಕೆ ಬಿಡುವ ಆಸಾಮಿ ಎಂದು ನೆಂಟರಿಷ್ಟರು ಅವನ ಮೇಲೆ ಆಸೆ ಬಿಟ್ಟಿದ್ದರು. ನಿಜ ಹೇಳಬೇಕೆಂದರೆ ಅವಳೂ ಬಿಟ್ಟಿದ್ದಳು. ಅಂಥವನು ಒಂದು ದಿನ ಮುನ್ನೂರು ಪುಟದ ಕಾದಂಬರಿ ತಂದು ಅವಳ ಮೇಜಿನ ಮೇಲಿಟ್ಟ.

"ನೀವು ಹೂಂ ಅಂದ್ರೆ ಅಚ್ಚಿಗೆ ಹಾಕ್ತೀನಿ, ನಾನು ಓದೋದೂ ಇಲ್ಲ" ಎಂದರು ಪ್ರೆಸ್ಸಿನ ಮಾಲೀಕರು.

ಕಾದಂಬರಿಯ ಕೊಲೆಗಾರ ಒಬ್ಬ ದರ್ಜಿ. ನಾಲ್ಕನೇ ಅಧ್ಯಾಯದ ಹನ್ನೆರಡು ಪುಟ ಅವನು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು, ಹೊಲಿಯದೆ ಬಿದ್ದ ಬಟ್ಟೆಗಳ ನಡುವೆ ಸುಮ್ಮನೆ ಕೂತಿರುತ್ತಾನೆ. ಅಷ್ಟೇ. ಆದರೆ ಎಂಥ ಬರವಣಿಗೆ! ಕೆಲಸವಿಲ್ಲದಿದ್ದರೂ ಅಭ್ಯಾಸಬಲದಿಂದ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವುದು, ಸೀಮೆಸುಣ್ಣದ ಬೆರಳನ್ನು ಕೂದಲಿಗೆ ಒರೆಸಿಕೊಳ್ಳುವುದು. ದರ್ಜಿಯೇ ಆಗಿದ್ದ, ಹದಿನೆಂಟು ವರ್ಷದ ಹಿಂದೆ ತೀರಿಕೊಂಡ ಅಪ್ಪ ಎದುರಿಗೆ ಬಂದು ಕೂತಂತಾಯಿತು. ಪೆನ್ಸಿಲಕ್ಕ ಆ ಪುಟಗಳನ್ನು ಮತ್ತೆ ಮೊದಲಿನಿಂದ ಓದಿದಳು.

ಹನ್ನೊಂದನೇ ಅಧ್ಯಾಯದಲ್ಲಿ, ಪ್ಲಾಸ್ಟರ್ ಹಾಕಿದ ಮೂರನೇ ವಾರಕ್ಕೇ, ಅದೇ ದರ್ಜಿ ಎರಡೂ ಕೈಯಿಂದ ಒಬ್ಬನ ಕತ್ತು ಹಿಸುಕುತ್ತಾನೆ.

ಪಟ್ಟಿಯಲ್ಲಿ ಸುತ್ತು ಹಾಕಿ, ಅರ್ಧ ದಿನ ಅದನ್ನೇ ನೋಡುತ್ತ ಕೂತಳು. ಕಥೆ ನೆಟ್ಟಗಾಗಬೇಕಾದರೆ ಆ ಹನ್ನೆರಡು ಪುಟ ಹೋಗಬೇಕು. ಅವು ಹೋದರೆ ಪುಸ್ತಕದಲ್ಲಿ ಉಳಿಯುವುದು ಏನು ಮಣ್ಣು? ಹೇಳಿದರೆ ಅಣ್ಣ ಮುಖ ಸಣ್ಣ ಮಾಡಿಕೊಂಡು ಇದನ್ನೂ ಅರ್ಧಕ್ಕೆ ಬಿಡುತ್ತಾನೆ. ಇಂಥ ಭಾಷೆಯ ನಡುವೆ ಒಂದು ತೂತು ಯಾರ ಕಣ್ಣಿಗೆ ಬಿದ್ದೀತು? ರಬ್ಬರಿನಿಂದ ಸುತ್ತನ್ನು ಅಳಿಸಿದಳು. ಮಾಲೀಕರ ಹತ್ತಿರ ಹೋಗಿ ಹೂಂ ಅಂದಳು.

ಬಿತ್ತು, ಎಲ್ಲರ ಕಣ್ಣಿಗೂ ಬಿತ್ತು. ಪತ್ತೇದಾರಿ ಓದುವವರು ಭಾಷೆಗೆ ಕರಗುವ ಗಿರಾಕಿಗಳೇ? ಪ್ಲಾಸ್ಟರ್ ಒಳಗಿಂದಲೇ ಕೊಲೆ ಮಾಡುವ ಮಹಾನುಭಾವ ಎಂದು ಪತ್ರಿಕೆಯೊಂದು ಆಡಿಕೊಂಡಿತು. ಆ ಹನ್ನೆರಡು ಪುಟದ ಬಗ್ಗೆ ಯಾರೂ ಒಂದಕ್ಷರ ಬರೆಯಲಿಲ್ಲ.

ತಂಗಿಯ ಪಟ್ಟಿಯ ವಿಷಯ ಅಣ್ಣನಿಗೆ ಗೊತ್ತಿತ್ತು. ಪ್ರೆಸ್ಸಿಗೆ ಬಂದವನೇ ಹಳೆಯ ಕರಡಿನ ಕಟ್ಟು ಬಿಚ್ಚಿ, ಕೊನೆಯ ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದ. ಪೆನ್ಸಿಲ್ ಅಳಿಸಿತ್ತು, ಒತ್ತಿದ ಗುರುತು ಉಳಿದಿತ್ತು.

"ನೀನು ನೋಡಿದ್ದೆ."

"ಆ ಪುಟಗಳನ್ನೇ ತೆಗೀಬೇಕಾಗ್ತಿತ್ತಲ್ಲ ಅಣ್ಣಾ. ಅಪ್ಪನ್ನ ತೆಗಿ ಅಂತ ಹೇಗೆ ಹೇಳ್ಲಿ?"

"ಯಾಕೆ ತೆಗೀಬೇಕಿತ್ತು? ದರ್ಜಿಯ ಎಡಗೈಗೆ ಒಂದು ಕತ್ತರಿ ಕೊಟ್ಟಿದ್ರೆ ಸಾಕಿತ್ತು. ಅಪ್ಪ ಯಾವ ಕೈಲಾದ್ರೂ ಬಟ್ಟೆ ಕತ್ತರಿಸ್ತಿದ್ರು, ಮರ್ತೆಯಾ?" ಅವನು ಸಿಟ್ಟಾಗಿರಲಿಲ್ಲ. ಅವಳಿಗೆ ಅದಕ್ಕೇ ಭಯವಾಯಿತು. "ಹತ್ತು ನಿಮಿಷದ ಕೆಲಸ. ಬೇರೆ ಯಾರದ್ದಾದ್ರೂ ಆಗಿದ್ರೆ ಹೇಳ್ತಿದ್ದೆ, ಅಲ್ವಾ?"

ಹೇಳುತ್ತಿದ್ದಳು. ಇಪ್ಪತ್ತಾರು ವರ್ಷದಿಂದ ಕಂಡಕಂಡವರಿಗೆಲ್ಲ ಹೇಳಿಕೊಂಡೇ ಬಂದಿದ್ದಳು.

ಅಣ್ಣ ಆಮೇಲೆ ಏನನ್ನೂ ಬರೆಯಲಿಲ್ಲ. ನಾವು ಮೊದಲೇ ಹೇಳಿರಲಿಲ್ಲವೇ ಎಂದರು ನೆಂಟರು. ಆ ಸುತ್ತನ್ನು ಅಳಿಸಿ, ಅವನ ಕೈಲಾಗುವುದಿಲ್ಲ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವಳು ತಾನೇ ಎಂದು ಪೆನ್ಸಿಲಕ್ಕನಿಗೆ ಗೊತ್ತಿತ್ತು.