ಮೂರು ಬೇರಿಂಗಿನದೋ, ಐದು ಬೇರಿಂಗಿನದೋ

ನಿವೃತ್ತರಾದ ಗಂಡಸರು ಯೋಗಕ್ಕೋ ಭಜನೆಗೋ ಹೋಗುತ್ತಾರೆ. ನಮ್ಮ ಮನೆಯವರಿಗೆ ಮಾತ್ರ ಇಂಗ್ಲೆಂಡಿನ ಹಳೇ ಸ್ಪೋರ್ಟ್ಸ್ ಕಾರಿನ ಹುಚ್ಚು ಹತ್ತಿತು. ಎರಡೇ ಸೀಟು, ಮೇಲೆ ಸೂರಿಲ್ಲ. ಹೈದರಾಬಾದಿನ ಬಿಸಿಲಿಗೆ ಹೇಳಿ ಮಾಡಿಸಿದ ಗಾಡಿ! ಹುಡುಕಿದಾಗ ಒಂದೇ ಮಾದರಿಯ ಎರಡು ಸಿಕ್ಕವು. ನಾಚಾರಂನ ಶೆಡ್ಡಿನಲ್ಲಿದ್ದದ್ದು ಮೊದಮೊದಲಿನದು, ಅದರ ಎಂಜಿನ್ನಿನ ಕ್ರ್ಯಾಂಕ್ ಶಾಫ್ಟ್ ಎಂಬ ದಂಡ ಮೂರು ಬೇರಿಂಗಿನ ಮೇಲೆ ತಿರುಗುತ್ತದೆ. ಮಣಿಕೊಂಡದ ಮನೆಯೊಂದರಲ್ಲಿದ್ದದ್ದು ಆಮೇಲೆ ಬಂದದ್ದು, ಐದು ಬೇರಿಂಗಿನದು. ಮೂರರದು ಹಗುರ, ಆಕ್ಸಿಲರೇಟರ್ ಒತ್ತಿದರೆ ವೇಗ ಚಂಗನೆ ಏರುತ್ತದೆ. ಐದರದು ಸ್ವಲ್ಪ ಜಡ, ಆದರೆ ಗಟ್ಟಿ, ಬಾಳಿಕೆ ಬರುತ್ತದೆ. ಊಟಕ್ಕೆ ಕೂತರೂ ಇದೇ ಮಾತು.

ನನ್ನ ಆತಂಕವೇ ಬೇರೆ ಇತ್ತು. ಇವರು ಕಾರ್ಖಾನೆಯಲ್ಲಿ ಕಿವಿ ಗಡಚಿಕ್ಕುವ ಪ್ರೆಸ್ ಮಷಿನ್ನಿನ ಪಕ್ಕದಲ್ಲೇ ಆಯುಷ್ಯ ಕಳೆದವರು. ಈಚೆಗೆ ಕುಕ್ಕರಿನ ಸೀಟಿ ಕೇಳಿಸುತ್ತಿರಲಿಲ್ಲ, ಫೋನ್ ಬಡಿದುಕೊಂಡರೂ ಕೇಳಿಸುತ್ತಿರಲಿಲ್ಲ.

"ಎಲ್ಲಾ ಕೇಳಸ್ತೈತಿ, ನೀನ ಭಾಳ ಮೆತ್ತಗ ಮಾತಾಡ್ತಿ" ಎಂದು ತಪ್ಪನ್ನು ನನ್ನ ಮೇಲೇ ಹಾಕುತ್ತಿದ್ದರು.

ನಾನು ಮೆತ್ತಗೆ ಮಾತಾಡುವವಳೆಂದು ಕುಷಾಯಿಗೂಡದ ನಮ್ಮ ಗಲ್ಲಿಯಲ್ಲಿ ಯಾರೂ ಒಪ್ಪುವುದಿಲ್ಲ. ಇವರೋ, ಎಂಜಿನ್ ಆಯ್ಕೆ ಮಾಡುವುದೂ ಹದಕ್ಕೆ ತರುವುದೂ ಕಿವಿಯಿಂದಲೇ ಎಂದು ನಂಬಿದ ಮನುಷ್ಯ. ಆ ಕಿವಿಯೇ ಹೋಯಿತೆಂದು ಗೊತ್ತಾದರೆ ಕುಸಿದುಬಿಡುತ್ತಾರೆ ಎಂಬ ಹೆದರಿಕೆಗೆ ನಾನು ಬಾಯಿ ಬಿಡಲಿಲ್ಲ.

ಎರಡೂ ಕಾರು ನೋಡಲು ನನ್ನನ್ನು ಹಟ ಹಿಡಿದು ಕರೆದೊಯ್ದರು. ನಾಳೆ ಗೊಣಗಬಾರದೆಂದು ಕರೆಯುತ್ತಿದ್ದಾರೆ ಎಂದುಕೊಂಡೆ. ಒಳಗಿನ ಸದ್ದು ಕೇಳಲೆಂದು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗಿಟ್ಟು, ಹಿಡಿಕೆಯನ್ನು ಕಿವಿಗೆ ಒತ್ತಿಕೊಂಡು ಬಹಳ ಹೊತ್ತು ನಿಂತರು. ಮಣಿಕೊಂಡದ ಕಾರು ಬೇಡವೆಂದರು. ಮೂರು ಬೇರಿಂಗಿನದು ಮನೆಗೆ ಬಂತು.

ಆಮೇಲೆ ಟೈಮಿಂಗ್ ಕೂಡಿಸುವ ಕೆಲಸ. ಇವರಿಗೆ ಮೀಟರುಗಳೆಂದರೆ ಆಗದು. ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಚೂರು ಚೂರೇ ಮುಂದಕ್ಕೆ ತಿರುಗಿಸಿ ಕಿಡಿ ಹಾರುವ ಗಳಿಗೆ ಇನ್ನೂ ಬೇಗ ಬರುವಂತೆ ಮಾಡುತ್ತ ಹೋಗುವುದು, ಏರಿನಲ್ಲಿ ಓಡಿಸಿದಾಗ ಎಂಜಿನ್ನಿನೊಳಗೆ ಕಿಣಿಕಿಣಿ ಎಂದೊಡನೆ ಒಂದಿಷ್ಟು ಹಿಂದಕ್ಕೆ ತರುವುದು, ಇದು ಇವರ ಪದ್ಧತಿ. ಆ ಸದ್ದು ಬಂದ ಮೇಲೂ ಹಾಗೇ ಓಡಿಸಿದರೆ ಪಿಸ್ಟನ್ನೇ ತೂತಾಗುತ್ತದೆ ಎಂದು ಹೇಳಿಕೊಟ್ಟವರೂ ಇವರೇ.

ಒಂದು ಭಾನುವಾರ ಬೆಳಿಗ್ಗೆ ಫ್ಲೈಓವರ್ ಏರಿದೆವು. ಕಿಣಿಕಿಣಿ ಎಂದಿತು. ಇವರು ನನ್ನ ಕಡೆ ತಿರುಗಿ ನೋಡಿದರು. ನಾನು ಮುಖದಲ್ಲಿ ಏನೂ ತೋರಿಸಿಕೊಳ್ಳಲಿಲ್ಲ. ಕೆಳಗಿಳಿದು, ಗಾಡಿ ನಿಲ್ಲಿಸಿ, ಬಾನೆಟ್ ತೆರೆದು ಇನ್ನಷ್ಟು ಮುಂದೆ ತಿರುಗಿಸಿದರು. ಮತ್ತೆ ಏರಿದೆವು. ಈಗ ಡಬ್ಬಿಯಲ್ಲಿ ಕಲ್ಲು ಹಾಕಿ ಅಲುಗಿಸಿದ ಹಾಗೆ ಸದ್ದು. ಮತ್ತೆ ನನ್ನನ್ನೇ ನೋಡಿದರು. ನಾನು ಸೆರಗು ಬಿಗಿಯಾಗಿ ಹಿಡಿದುಕೊಂಡು ನಕ್ಕೆ. ಇಳಿದು ಮತ್ತೆ ಬಾನೆಟ್ಟಿಗೆ ಕೈ ಹಾಕಿದಾಗ ತಡೆದುಕೊಳ್ಳಲಾಗಲಿಲ್ಲ.

"ಸಾಕ್ರಿ! ಹಿಂದಕ್ಕ ತಗೋರಿ, ಎಂಜಿನ್ ಒಡದ ಹೋಗ್ತೈತಿ!" ಎಂದು ಕಿರುಚಿದೆ.

ಇವರಿಗೆ ಸಿಟ್ಟು ನೆತ್ತಿಗೇರಿತು. ಆದರೆ ನಾನು ಹೆದರಿದ್ದ ಕಾರಣಕ್ಕಲ್ಲ.

"ಮೊದಲ ಯಾಕ ಹೇಳಲಿಲ್ಲ? ಆ ಸಪ್ಪಳ ನಂಗ ಕೇಳಸೂದು ನಿಂತು ಭಾಳ ದಿನ ಆತು. ನಿನ್ನ ಮುಖಾ ನೋಡೇ ನಾ ಎಂಜಿನ್ ಕೇಳಾಕತ್ತೀನಿ. ನೀನ ನಕ್ಕೊಂತ ಕುಂತ್ರ ನಾ ಏನ್ ತಿಳಕೋಬೇಕು? ಮಣಿಕೊಂಡದಾಗ ನೀ ಮುಖಾ ಕಿವುಚಿದಿ ಅಂತ ಆ ಐದು ಬೇರಿಂಗಿಂದು ಬಿಟ್ಟು ಬಂದೆ!"

ಮಣಿಕೊಂಡದಲ್ಲಿ ನಾನು ಮುಖ ಕಿವುಚಿದ್ದು ಆ ಮನೆಯವರು ಕೊಟ್ಟ ಸಕ್ಕರೆಯಿಲ್ಲದ ಚಹಾಕ್ಕೆ. ಅದನ್ನು ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಅಳು ಬಂತು. ಇವರು ಡಿಸ್ಟ್ರಿಬ್ಯೂಟರನ್ನು ಹಿಂದಕ್ಕೆ ತಿರುಗಿಸಿ, ಬಾನೆಟ್ ಮುಚ್ಚಿ, ನನ್ನ ಕಡೆಯ ಬಾಗಿಲು ತೆರೆದರು.

"ಹತ್ತು. ಈ ಸಲ ಕಿವಿಗೆ ಬಿದ್ದದ್ದು ಮುಖದಾಗ ಬರಲಿ" ಎಂದರು.